ಎಡಗಡೆ ಹಲಗೆಯ ಕುರ್ಚಿ

ನಮ್ಮಣ್ಣ ಬಡಗಿ. ಕೆಲಸದಲ್ಲಿ ಎತ್ತಿದ ಕೈ, ಜಂಬದಲ್ಲಿ ಅದಕ್ಕಿಂತ ಒಂದು ಗೇಣು ಮೇಲೆ. ಮೂರು ವರ್ಷದ ಹಿಂದೆ ಕಾಲೇಜಿನ ಪರೀಕ್ಷಾ ಹಾಲಿಗೆ ಇನ್ನೂರ ನಲವತ್ತು ಕುರ್ಚಿ ಮಾಡಿಕೊಟ್ಟ. ಬಲಗೈ ಪಕ್ಕದಲ್ಲಿ ಬರೆಯಲು ಹಲಗೆ ಇರುವಂಥವು. ಎಲ್ಲವನ್ನೂ ಒಂದೇ ಅಚ್ಚು ಇಟ್ಟು ಕೊಯ್ದಿದ್ದ. "ಕೂದಲೆಳೆಯಷ್ಟು ವ್ಯತ್ಯಾಸ ಇದ್ರೆ ಕೇಳಿ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದ. ಸ್ವಂತ ಮಗಳು ಎಡಗೈಯಲ್ಲಿ ಬರೆಯುತ್ತಾಳೆ ಎಂಬುದು ಮಾತ್ರ ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ!

ಹೋದ ವರ್ಷ ಅದೇ ಹಾಲಿನಲ್ಲಿ ಅವಳು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದಳು. ಮೂರು ಗಂಟೆ ಸೊಂಟ ತಿರುಚಿಕೊಂಡು, ಮೊಣಕೈ ಗಾಳಿಯಲ್ಲಿ. ಉತ್ತರದ ಪುಟ್ಟ ಸೊನ್ನೆಗಳನ್ನು ಪೆನ್ನಿನಿಂದ ತುಂಬುವಾಗ ಹಾಳೆ ಜಾರಿ ಶಾಯಿ ಪಕ್ಕದ ಸೊನ್ನೆಗೂ ಹತ್ತಿತು. ತಿದ್ದುವ ಯಂತ್ರಕ್ಕೆ ಕರುಣೆ ಎಲ್ಲಿಯದು? ಎರಡು ಅಂಕದಲ್ಲಿ ಸೀಟು ಹೋಯಿತು. ಒಬ್ಬರಿಗೆ ಎರಡೇ ಸಲ ಅವಕಾಶ. ಈ ವರ್ಷದ್ದೇ ಕೊನೆಯದು.

"ಕುರ್ಚಿ ಸರಿ ಇರ್ಲಿಲ್ಲ ಅಪ್ಪ" ಎಂದು ಅವಳು ಹೇಳಿದಾಗ ಅಣ್ಣನಿಗೆ ಮೊದಲು ಸಿಟ್ಟೇ ಬಂತು.

"ನಾನ್ ಮಾಡಿದ ಕುರ್ಚಿ ಕಣೇ ಅದು!"

ಹೇಳಿದ ಮೇಲೆ ತನ್ನ ಮಾತು ತನಗೇ ಚುಚ್ಚಿತು.

ಈ ಸಲ ಪರೀಕ್ಷೆಯ ಬೆಳಿಗ್ಗೆ ಎಡಗಡೆ ಹಲಗೆಯ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ಹೊರಟ. ಮಗಳೂ ನಾನೂ ಹಿಂದೆ. ಗೇಟಿನಲ್ಲಿ ಪರೀಕ್ಷಾಧಿಕಾರಿ ತಡೆದರು.

"ಪರೀಕ್ಷೆ ಅಂದ್ಮೇಲೆ ಎಲ್ಲರಿಗೂ ಒಂದೇ ಥರ. ನಿನ್ನ ಮಗಳಿಗೊಬ್ಬಳಿಗೆ ಬೇರೆ ಕುರ್ಚಿ ಕೊಟ್ರೆ ಮಿಕ್ಕವರಿಗೆ ಅನ್ಯಾಯ ಆಗಲ್ವಾ?"

ಅಣ್ಣ ಕುರ್ಚಿ ಇಳಿಸಿದ. "ಸರಿ ಸಾರ್. ಕೊಡಲ್ಲ ಅಂತ ಬರೆದುಕೊಡಿ. ಆದ್ರೆ ಇದರಲ್ಲೇ ಕೂತು ಬರೀರಿ."

"ಅದಕ್ಕೇನಂತೆ" ಎಂದು ಅವರು ನಗುತ್ತಲೇ ಕೂತರು. ಮೈ ಎಡಕ್ಕೆ ತಿರುಗಿತು, ಬಲಮೊಣಕೈಗೆ ಆಸರೆಯೇ ಇಲ್ಲ. ಎರಡನೇ ಸಾಲಿಗೆ ಕಾಗದ ಜಾರಿ ನೆಲಕ್ಕೆ ಬಿತ್ತು. ಪರೀಕ್ಷೆಗೆಂದು ಗೇಟಿನಲ್ಲಿ ಸಾಲುಗಟ್ಟಿ ನಿಂತಿದ್ದ ಮಕ್ಕಳು ಕಿಸಕ್ಕೆಂದರು.

"ಇನ್ನು ಮೂರು ಗಂಟೆ ಹೀಗೇ ಬರೀರಿ ಸಾರ್."

ಅವರು ಎದ್ದು ಪೆನ್ನು ಜೇಬಿಗಿಟ್ಟರು. "ಆಯ್ತಪ್ಪಾ, ಒಳಗೆ ತಗೊಂಡ್ಹೋಗು."

ಅಷ್ಟರಲ್ಲಿ ಸಾಲಿನಿಂದ ಒಂದು ಎಡಗೈ ಮೇಲೆದ್ದಿತು. "ಅಂಕಲ್, ನಾನೂ ಎಡಗೈಲೇ ಬರೆಯೋದು." ಅದರ ಹಿಂದೆ ಇನ್ನೊಂದು. ಒಟ್ಟು ನಾಲ್ಕು.

"ನೋಡಿದ್ಯಾ? ಬೆರಳು ಕೊಟ್ರೆ ಹಸ್ತ ನುಂಗ್ತೀರಿ!" ಅಧಿಕಾರಿ ರೇಗಿದರು. "ರೂಲ್ಸು ಅಂತ ಒಂದಿದೆ ಇಲ್ಲಿ."

ಮಗಳು ಅಪ್ಪನ ಮುಖ ನೋಡಿದಳು. ಆ ನಾಲ್ವರನ್ನು ಬಿಟ್ಟು ಒಳಗೆ ಹೋಗಲಿಲ್ಲ. ಇದ್ದ ಒಂದು ಅವಕಾಶವೂ ಗೇಟಿನಲ್ಲೇ ಹೋಯಿತಲ್ಲಪ್ಪಾ ಎಂದುಕೊಂಡೆ.

ಅಣ್ಣ ಹೆಗಲ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. "ತಪ್ಪು ನಂದು, ತಿದ್ದೋನೂ ನಾನೇ. ನಾಲ್ಕು ಕುರ್ಚಿ ಹೊರಗೆ ತರಿಸಿ ಸಾರ್, ಹಲಗೆ ಬಿಚ್ಚಿ ಎಡಕ್ಕೆ ಕೂರಿಸ್ತೀನಿ. ರೂಲ್ಸು ನೀವು ನೋಡ್ಕೊಳ್ಳಿ, ಹಲಗೆ ನಾನು ನೋಡ್ಕೋತೀನಿ."

"ಆಗಲ್ಲ ಅಂದ್ರೆ?"

"ಗೇಟಿಗೆ ಅಡ್ಡ ಕೂತಿರ್ತೀನಿ. ಕುರ್ಚಿ ಹೇಗೂ ಇದೆ."

ಆ ದಿನ ಪರೀಕ್ಷೆ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು, ಎಲ್ಲರಿಗೂ ಒಂದೇ ಸಮನಾಗಿ.