ನಾಲ್ಕನೆಯ ಕ್ರಮ: ಕಿಟಕಿ ಮುಚ್ಚುವುದು

ನಿನ್ನೆ ತರಗತಿ ಮುಗಿಸಿ ಬೋರ್ಡು ಒರೆಸಲು ಡಸ್ಟರ್ ಎತ್ತಿದೆ, ಅಷ್ಟೇ. "ಮೇಡಂ, ಒಂದ್ನಿಮಿಷ!" ಎಂದು ಹತ್ತಾರು ಮೊಬೈಲುಗಳು ಮೇಲೆದ್ದವು. ಬೋರ್ಡಿನ ಮೇಲಿದ್ದುದನ್ನೆಲ್ಲ, ಅಡ್ಡ ಬಂದ ನನ್ನ ಮೊಣಕೈಯನ್ನೂ ಸೇರಿಸಿ, ಫೋಟೊ ಹಿಡಿದುಕೊಂಡು ಮಕ್ಕಳು ನೆಮ್ಮದಿಯಾಗಿ ಹೊರಟರು. ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಭೂಗೋಳ ಹೇಳುವವಳು ನಾನು. ಆ ಫೋಟೊಗಳು ಆಮೇಲೆ ಏನಾಗುತ್ತವೆ? ಯಾರಾದರೂ ಮತ್ತೆ ತೆರೆದು ನೋಡುತ್ತಾರೆಯೇ, ಇಲ್ಲ ಯಾರದೋ ಮದುವೆ ಊಟದ ಫೋಟೊಗಳ ನಡುವೆ ಕಳೆದುಹೋಗುತ್ತವೆಯೇ? ಬೈಯೋಣವೆಂದು ಬಾಯಿ ತೆರೆದವಳು ತಿರುಗಿ ಬೋರ್ಡು ಒರೆಸಿದೆ. ನೋಟ್ಸಿನ ವಿಷಯದಲ್ಲಿ ಯಾರನ್ನೂ ಬೈಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಂಡರೆ ತಪ್ಪೇನಿಲ್ಲ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಇದೇ ಚಳ್ಳಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದೆ. ನನ್ನಷ್ಟು ವೇಗವಾಗಿ, ಅಂದವಾಗಿ ನೋಟ್ಸ್ ಬರೆಯುವವರು ಇಡೀ ಕಾಲೇಜಿನಲ್ಲಿ ಇರಲಿಲ್ಲ. ಇದು ಜಂಬವಲ್ಲ. ಸರಿ, ಜಂಬವೇ. ತಲೆಬರಹಕ್ಕೆ ಕೆಂಪು ಪೆನ್ನು, ಅಂಶಗಳಿಗೆ ಹಸಿರು, ಪುಟದ ಅಂಚಿಗೆ ನಮ್ಮ ಮನೆಯ ಮಗ್ಗದಲ್ಲಿದ್ದ ಸೀರೆಯ ಬಾರ್ಡರು. ಭೂಗೋಳದ ಮೇಷ್ಟ್ರು ಹಳದಿಗಟ್ಟಿದ ಹಾಳೆ ನೋಡಿಕೊಂಡು ಹೇಳುತ್ತಾ ಹೋಗುವರು, ನನ್ನ ಕೈ ಓಡುವುದು. ಅವರ ಮಾತು ನನ್ನ ಕಿವಿಯಿಂದ ನೇರವಾಗಿ ಬೆರಳಿಗೆ ಇಳಿಯುತ್ತಿತ್ತು. ತಲೆಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ತಲೆ ಆ ಹೊತ್ತಿನಲ್ಲಿ ಹಾಸ್ಟೆಲಿನ ಸಾರಿನ ಬಗ್ಗೆಯೋ ಶನಿವಾರದ ಬಸ್ಸಿನ ಬಗ್ಗೆಯೋ ಯೋಚಿಸುತ್ತಿತ್ತು. ಪರೀಕ್ಷೆ ಬಂತೆಂದರೆ ನನ್ನ ರೂಮಿನ ಐದು ಜನ ಹುಡುಗಿಯರೂ ನನ್ನ ನೋಟ್ಸನ್ನೇ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು.

ಒಂದು ದಿನ ಮೇಷ್ಟ್ರು ಗಾಳಿಯಿಂದಾಗುವ ಮಣ್ಣಿನ ಸವಕಳಿಯನ್ನು ತಡೆಯುವ ಕ್ರಮಗಳನ್ನು ಬರೆಸುತ್ತಿದ್ದರು. ಒಂದು, ಸಾಲಾಗಿ ಮರ ಬೆಳೆಸುವುದು. ಎರಡು, ಹುಲ್ಲಿನ ಹೊದಿಕೆ ಉಳಿಸುವುದು. ಮೂರು, ಗಾಳಿಗೆ ಅಡ್ಡಲಾಗಿ ಉಳುವುದು. ಅಷ್ಟರಲ್ಲಿ ಹೊರಗಿನಿಂದ ದೂಳು ನುಗ್ಗಿತು. ಮೇಷ್ಟ್ರು ಹಾಳೆಯಿಂದ ತಲೆ ಎತ್ತದೆಯೇ "ಕಿಟಕಿ ಮುಚ್ರಮ್ಮ" ಅಂದರು. ನಾನು ಬರೆದೆ: ನಾಲ್ಕು, ಕಿಟಕಿ ಮುಚ್ಚುವುದು. ಹಸಿರು ಪೆನ್ನಿನಲ್ಲಿ.

ಟೆಸ್ಟಿನಲ್ಲಿ ಅದೇ ಪ್ರಶ್ನೆ ಬಂತು. ನಾವು ಆರು ಜನವೂ ಅದೇ ನಾಲ್ಕನೆಯ ಕ್ರಮ ಬರೆದೆವು. ಮೇಷ್ಟ್ರು ಆರೂ ಜನರನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಕಿಟಕಿ ಮುಚ್ಚಿದ್ರೆ ಹೊಲದ ಮಣ್ಣು ಉಳಿಯುತ್ತೇನ್ರಮ್ಮ?"

ನಾವು ತಲೆ ತಗ್ಗಿಸಿ ಒಟ್ಟಿಗೇ "ಹೌದು ಸಾರ್" ಅಂದೆವು. ಆರೂ ಜನರಿಗೆ ಸೊನ್ನೆ ಬಿತ್ತು.

ಉಳಿದವರು ಎರಡು ದಿನ ನಕ್ಕು ಮರೆತರು. ನನಗೆ ಮರೆಯುವಂತಿರಲಿಲ್ಲ. ಭೂಗೋಳದಲ್ಲಿ ನಾನು ಆಗಲೇ ಒಂದು ಸಲ ಫೇಲಾಗಿದ್ದೆ. ಇನ್ನೊಂದು ಸಲ ಫೇಲಾದರೆ ಹಾಸ್ಟೆಲ್ ಸೀಟು ಹೋಗುತ್ತದೆ ಎಂದು ವಾರ್ಡನ್ ಹೇಳಿಯಾಗಿತ್ತು. ಸೀಟು ಹೋದರೆ ದಿನಾ ಮೊಳಕಾಲ್ಮೂರಿನಿಂದ ಓಡಾಡಲು ಆಗುವ ಮಾತಲ್ಲ. "ಹೋದ್ರೆ ಹೋಗ್ಲಿ ಬಿಡವ್ವ, ಮನೇಲಿ ಮಗ್ಗ ಐತೆ" ಎಂದು ಅವ್ವ ಸಮಾಧಾನ ಹೇಳಿದಳು. ಅವಳು ಪ್ರೀತಿಯಿಂದಲೇ ಹೇಳಿದ್ದು. ನನಗೆ ಭಯವಾದದ್ದು ಆ ಮಾತಿಗೇ.

ಆಗ ಬಂದವಳು ನಸೀಮಾ. ನನ್ನ ಪಕ್ಕದ ಬೆಂಚಿನವಳು, ಚಳ್ಳಕೆರೆ ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದವರ ಮಗಳು. ತರಗತಿಯಲ್ಲಿ ಪೆನ್ನು ಮುಟ್ಟುವುದೇ ಅಪರೂಪ. ಸೋಮಾರಿ ಎಂದುಕೊಂಡಿದ್ದೆ. ನನ್ನ ನೋಟ್ಸ್ ತಿರುವಿ ಹಾಕಿ ಕೇಳಿದಳು, "ಇದನ್ನ ಬರೀವಾಗ ಏನ್ ಯೋಚ್ನೆ ಮಾಡ್ತಿದ್ದೆ?"

"ಏನೂ ಇಲ್ಲ. ಬರೀತಿದ್ದೆ."

"ಮತ್ತೆ ಪಾಠ ಕೇಳಿದ್ದು ಯಾರು?"

ಸಂಜೆ ಗ್ಯಾರೇಜಿಗೆ ಕರೆದುಕೊಂಡು ಹೋದಳು. ಅವಳ ಅಬ್ಬಾ ಒಂದು ಬೈಕಿನ ಇಂಜಿನ್ ಬಿಚ್ಚುತ್ತಿದ್ದರು. ಬಿಚ್ಚಿದ ಒಂದೊಂದು ಭಾಗವನ್ನೂ ಬಂದ ಸಾಲಿನಲ್ಲೇ ಗೋಣಿಚೀಲದ ಮೇಲೆ ಇಡುತ್ತಿದ್ದರು. ನಾನು ಬೆರಗಾಗಿ ನೋಡುತ್ತಿದ್ದುದನ್ನು ಕಂಡು ಹೇಳಿದರು, "ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ತಾರೆ ಬೇಟಿ. ಜೋಡಿಸೋವಾಗ ಒಂದು ವಾಷರ್ ಕೈಯಾಗೆ ಉಳೀತಾ, ಪೂರಾ ಮತ್ತೆ ಬಿಚ್ಬೇಕು."

ನಸೀಮಾಳ ನೋಟ್ಸ್ ಆ ಗೋಣಿಚೀಲದಿಂದ ಬಂದದ್ದು. ತರಗತಿಯಲ್ಲಿ ಕೇಳಿಸಿಕೊಳ್ಳುವಳು. ಸಂಜೆ ಗ್ಯಾರೇಜಿನ ಹಳೆ ಟಯರಿನ ಮೇಲೆ ಕೂತು, ಏನನ್ನೂ ನೋಡದೆ, ಪಾಠವನ್ನು ಬಂದ ಸಾಲಿನಲ್ಲೇ ಹಾಳೆಯ ಮೇಲೆ ಹರಡುವಳು. ನೆನಪಿಗೆ ಬಾರದ ಕಡೆ ಒಂದು ಖಾಲಿ ಚೌಕ ಎಳೆಯುವಳು. ಪುಸ್ತಕ ತೆರೆಯುವುದು ಆಮೇಲೆ, ಆ ಚೌಕ ತುಂಬುವುದಕ್ಕೆ ಮಾತ್ರ. ಮೇಷ್ಟ್ರು ಹೇಳಿದ್ದು ಎಡಗಡೆಯಿಂದ ಕನ್ನಡದಲ್ಲಿ, ಅವಳ ಅನುಮಾನಗಳು ಬಲಗಡೆಯಿಂದ ಉರ್ದುವಿನಲ್ಲಿ. ಅಂಥ ಪುಟವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಮೊದಲ ಸಂಜೆ ನಾನೂ ಕೂತೆ. ಬೆಳಿಗ್ಗೆಯಷ್ಟೇ ಆರು ಪುಟ ಬರೆದಿದ್ದವಳಿಗೆ ನಾಲ್ಕು ಅಂಶ ನೆನಪಾದವು. ಉಳಿದದ್ದೆಲ್ಲ ಚೌಕ. ನಾಚಿಕೆಗೆ ಅಳು ಬಂತು.

"ಅಳಬ್ಯಾಡ ಕಣೆ. ಖಾಲಿ ಎಲ್ಲೈತೆ ಅಂತ ಗೊತ್ತಾಯ್ತಲ್ಲ" ಅಂದಳು ನಸೀಮಾ.

ಭಾನುವಾರ ಊರಿಗೆ ಹೋದಾಗ ಅವ್ವನ ಎದುರು ಸವಕಳಿಯ ಪಾಠವನ್ನು ಬಾಯಲ್ಲಿ ಹೇಳುತ್ತಾ ಹಾಳೆಯ ಮೇಲೆ ಹರಡಿದೆ. ಅವ್ವ ರೇಷ್ಮೆ ಸುತ್ತುತ್ತಲೇ ಕೇಳಿದಳು, "ಹಂಗಾದ್ರೆ ಜಟಿಂಗ ರಾಮೇಶ್ವರದ ಬೆಟ್ಟದ ಬಂಡೆ ಮ್ಯಾಲಿನ ಹಳೇ ಶಾಸನದ ಅಕ್ಷರಾನೂ ಗಾಳಿನೇ ಸವೆಸಿದ್ದಾ? ಇಲ್ಲ ಮಳೆನಾ?" ನಾನು ಹಾಳೆಯ ಮೇಲೆ ಇನ್ನೊಂದು ಚೌಕ ಎಳೆದೆ. ಸೋಮವಾರ ಹೋಗಿ ಮೇಷ್ಟ್ರನ್ನೇ ಕೇಳಿದೆ. ಅವರು ಹಾಳೆ ಕೆಳಗಿಟ್ಟು, ಕನ್ನಡಕ ತೆಗೆದು, ನನ್ನನ್ನು ಮೊದಲ ಸಲ ನೋಡುವಂತೆ ನೋಡಿದರು. ಆ ದಿನ ಅರ್ಧ ಗಂಟೆ ತರಗತಿಯಲ್ಲೆಲ್ಲ ಆ ಬಂಡೆಯ ಮಾತೇ, ಯಾರೂ ಏನೂ ಬರೆಯಲಿಲ್ಲ. ನಾನು ಪಾಸಾದೆ. ಸೀಟು ಉಳಿಯಿತು.

ಇಷ್ಟೆಲ್ಲ ಆದಮೇಲೆ ಕೆಲಸ ಸಿಕ್ಕಿ ನಾನು ಮಾಡಿದ್ದೇನು ಗೊತ್ತೇ? ಅಂದವಾಗಿ ಒಂದು ಫೈಲು ತಯಾರಿಸಿಕೊಂಡೆ. ಹನ್ನೊಂದು ವರ್ಷದಿಂದ ಅದನ್ನೇ ನೋಡಿಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಪಾಠ ಬೇಗ ಮುಗಿಯುತ್ತದೆ, ಗಲಾಟೆ ಇರುವುದಿಲ್ಲ, ನನಗೂ ಯಾರೂ ಕಷ್ಟದ ಪ್ರಶ್ನೆ ಕೇಳುವುದಿಲ್ಲ. ಹಾಗಾದರೆ ಆ ಫೋಟೊ ತೆಗೆಯುವುದನ್ನು ಕಲಿಸಿದವರು ಯಾರು?

ಇವತ್ತು ಬೆಳಿಗ್ಗೆ ಮೊಬೈಲು, ಪುಸ್ತಕ ಎಲ್ಲ ಬ್ಯಾಗಿನೊಳಗೆ ಇಡಿಸಿದೆ. ನಿನ್ನೆಯ ಪಾಠದಲ್ಲಿ ನೆನಪಿದ್ದಷ್ಟು ಹೇಳಿ ಎಂದೆ. ಕೆಲವರ ಕೈಗಳು ತಾವಾಗಿಯೇ ಬ್ಯಾಗಿನ ಕಡೆ ಹೋಗಿ ಹಿಂದೆ ಬಂದವು. ಕೊನೆಗೆ ನಾಯಕನಹಟ್ಟಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ದನ ಮೇಯೋ ಕಾವಲುಗಳಲ್ಲಿ ಹುಲ್ಲು ತಾನಾಗೇ ಬೆಳೀತೈತೆ, ಮರ ಕಮ್ಮಿ ಅಂದ್ರಿ ಮೇಡಂ. ನಮ್ಮ ಹೊಲದ ಬದೀಲಿ ಬ್ಯಾಡ ಅಂದ್ರೂ ಜಾಲಿ ಬೆಳೀತೈತೆ. ಪಕ್ಕದಾಗೇ ಇರೋ ವರವು ಕಾವಲ್‌ನಾಗೆ ಯಾಕೆ ಬೆಳೆಯಲ್ಲ?"

ನಾನು ಫೈಲು ನೋಡಿದೆ. ಆ ಸಾಲು ಅಲ್ಲಿತ್ತು, ನನ್ನದೇ ಅಂದವಾದ ಅಕ್ಷರದಲ್ಲಿ. ಹನ್ನೊಂದು ವರ್ಷ ಬರೆಸಿದ ಸಾಲು. ಯಾಕೆ ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ನನಗೆ ಗೊತ್ತಿಲ್ಲಮ್ಮ" ಎಂದೆ.

ಇಡೀ ತರಗತಿ ತಲೆ ಎತ್ತಿ ನನ್ನನ್ನು ನೋಡಿತು. ಇಷ್ಟು ವರ್ಷ ನನಗೆ ಪರಿಚಯವಿದ್ದದ್ದು ಈ ಮಕ್ಕಳ ನೆತ್ತಿಗಳು ಮಾತ್ರ. ಅವರ ಕಣ್ಣುಗಳು ಇಷ್ಟೊಂದು ಹೊಳೆಯುತ್ತವೆ ಎಂಬುದು ನನಗೆ ಗೊತ್ತೇ ಇರಲಿಲ್ಲ.