ಇಳಿಜಾರಿನಲ್ಲಿ ಕೇಳದ ಸಪ್ಪಳ

ಕೀ ತಿರುವಿದಾಗಲೆಲ್ಲ ನಮ್ಮ ಕಾರು ಕಬ್ಬಿಣಕ್ಕೆ ಗರಗಸ ಹಾಕಿದ ಹಾಗೆ ಕಿರ್ರೆಂದು ಅರಚುತ್ತಿತ್ತು. ಯಜಮಾನರಿಗೆ ಹೇಳಿದರೆ, "ಆನು ಹೊರಡ್ಸಿರೆ ಎಂತಾ ಸಪ್ಪಳನೂ ಇಲ್ಲೆ. ನಿನ್ನ ಕೈಯೇ ಒರಟು" ಎನ್ನುತ್ತಿದ್ದರು.

ಸಪ್ಪಳ ಬರುವುದಾದರೂ ಹೇಗೆ? ಸಿದ್ದಾಪುರದ ನಮ್ಮ ಮನೆಯ ಮುಂದೆ ಒಳ್ಳೇ ಇಳಿಜಾರು. ಅವರು ಕಾರನ್ನು ಅದರ ತುದಿಯಲ್ಲೇ ನಿಲ್ಲಿಸುತ್ತಾರೆ. ಹೊರಡುವಾಗ ಬ್ರೇಕ್ ಬಿಟ್ಟು, ಕೆಳಗೆ ಉರುಳಿಸಿ, ಸೆಕೆಂಡ್ ಗೇರಿಗೆ ಹಾಕಿ ಎಂಜಿನ್ ಎಬ್ಬಿಸುತ್ತಾರೆ. ಅವರಪ್ಪ ಜೀಪನ್ನು ಹಾಗೇ ಎಬ್ಬಿಸುತ್ತಿದ್ದರಂತೆ. ಕೀ ತಿರುವಿದಾಗ ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರಿಗೂ ಅವರಿಗೂ ಮಾತುಕತೆಯೇ ಇಲ್ಲ. ಪೇಟೆಯ ಸಪಾಟು ರಸ್ತೆಯಲ್ಲಿ ಅದನ್ನು ಅರಚಿಸಿ, ನಾಲ್ಕು ಜನರ ಕೈಲಿ ತಿರುಗಿ ನೋಡಿಸಿಕೊಳ್ಳುವ ಭಾಗ್ಯ ನನ್ನದು.

ಕೊನೆಗೆ ಕಾರಿನ ಜೊತೆ ಅವರನ್ನೂ ಶಿರಸಿಯ ಗ್ಯಾರೇಜಿಗೆ ಎಳೆದುಕೊಂಡು ಹೋದೆ. ಅಲ್ಲಿ ಇಳಿಜಾರು ಎಲ್ಲಿಂದ ಬರಬೇಕು? "ಸರ್, ನೀವೇ ಸ್ಟಾರ್ಟ್ ಮಾಡಿ" ಎಂದ ಮೆಕ್ಯಾನಿಕ್. ಕಿರ್ರ್! ಯಜಮಾನರು ಬೆಚ್ಚಿ ಕೈ ತೆಗೆದರು. ಸ್ಟಾರ್ಟರಿನ ಹಲ್ಲು ಸವೆದಿದೆ ಎಂದು ಮೆಕ್ಯಾನಿಕ್ ಮೋಟರನ್ನೇ ಬದಲಿಸಿದ. ಈಗ ಕೀ ತಿರುವಿದರೆ ಕಾರು ಮೆತ್ತಗೆ ಏಳುತ್ತಿತ್ತು.

ಮನೆಗೆ ಬಂದವರೇ ಯಜಮಾನರು ಕಾರನ್ನು ಮತ್ತೆ ಇಳಿಜಾರಿನ ತುದಿಗೇ ಒಯ್ದು ನಿಲ್ಲಿಸಿದರು. ನಾನು ದುರುಗುಟ್ಟಿ ನೋಡಿದೆ.

"ಹೊಸ ಮೋಟರು, ಸುಮ್ನೆ ಸವೆಸೂದು ಎಂತಕ್ಕೆ?" ಎಂದರು.