ಎಂಬತ್ತಕ್ಕೆ ಕಿತ್ತ ವೈರು

ಅಗರದಿಂದ ಹೊರಟಾಗ ಬೆಳಗಿನ ಐದು ಗಂಟೆ. ಕಾರ್ತಿಕದ ಮಂಜು ಗದ್ದೆಬಯಲಿನ ಮೇಲೆ ಕೂತಿತ್ತು. ಗಾಡಿಯ ಹಿಂಭಾಗದಲ್ಲಿ ಇನ್ನೂರು ಮೊಟ್ಟೆಯ ಚಾಕಿ ಹುಳ, ತಟ್ಟೆಗಳ ಮೇಲೆ ಒದ್ದೆ ಬಟ್ಟೆ. ಮೊಟ್ಟೆ ಎಂದರೆ ನಮ್ಮ ಕಸುಬಿನಲ್ಲಿ ಒಂದು ಚಿಟ್ಟೆ ಇಟ್ಟಷ್ಟೂ ಮೊಟ್ಟೆ. ಅವು ಒಡೆದ ಮೇಲೆ ಹುಳಗಳನ್ನು ಮೊದಲ ಕೆಲವು ದಿನ ಎಳೆಸೊಪ್ಪು ಕೊಟ್ಟು ಸಾಕಿ, ಎರಡನೇ ಜ್ವರದ ಹೊತ್ತಿಗೆ ರೇಷ್ಮೆ ರೈತರ ಮನೆಗೆ ಮುಟ್ಟಿಸುವುದು ಚಾಕಿ ಮನೆಯ ಕೆಲಸ. ಪೊರೆ ಬಿಡುವ ಮುಂಚೆ ಹುಳ ತಿನ್ನದೆ, ಅಲ್ಲಾಡದೆ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಅದು ಎದ್ದಾಗ ಎದುರಿಗೆ ಸೊಪ್ಪಿರಬೇಕು. ತಡವಾದರೆ ಕೆಲವು ಹುಳ ಹಿಂದೆ ಬೀಳುತ್ತವೆ, ಆ ಬೆಳೆ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟುವುದಿಲ್ಲ.

ಚಾಕಿ ಮನೆ ನನ್ನ ಹೆಂಡತಿ ರತ್ನಳದು. ನಾನು ಡೀಸೆಲ್ ವ್ಯಾನಿನಲ್ಲಿ ಹುಳ ಸಾಗಿಸುವವನು. ಆಷಾಢದಲ್ಲಿ ಒಂದು ಮಧ್ಯಾಹ್ನ ಸೊಪ್ಪು ಕತ್ತರಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅವಳ ಮೊಬೈಲನ್ನು ಮಾತ್ರ ನಾನು ಈಗಲೂ ದಿನಾ ಚಾರ್ಜಿಗೆ ಹಾಕುತ್ತೇನೆ. ಹೋದ ವಾರ ಅದು ರಿಂಗಾಯಿತು. ಕೊಳ್ಳೇಗಾಲದ ಶೋರೂಮಿನವರು.

"ರತ್ನಮ್ಮೋರಾ? ನೀವು ಕೇಳಿದ್ರಲ್ಲಾ, ಬ್ಯಾಟರಿ ಗಾಡಿ, ಟ್ರಯಲ್‌ಗೆ ಬಂದದೆ."

ಅವಳಿಲ್ಲ ಎಂದೆ. ಅಯ್ಯೋ, ಗೊತ್ತಾಗ್ಲಿಲ್ಲ ಸಾ, ಎಂದ. ಆಮೇಲೆ, "ನೀವಾದ್ರೂ ಒಂದ್ಸಲ ಓಡ್ಸಿ ನೋಡಿ ಸಾ," ಎಂದ. ಅವನೇ ಮಾದೇಶ, ನಲವತ್ತು ದಾಟಿದ ಮನುಷ್ಯ.

ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಬೇಸಿಗೆಯಲ್ಲಿ ವ್ಯಾನ್ ಬದಲಾಯಿಸೋಣ ಎಂದು ಇಬ್ಬರೂ ಅದೇ ಶೋರೂಮಿಗೆ ಹೋಗಿದ್ದೆವು. ಸರಕು ಸಾಗಿಸುವ ಸಣ್ಣ ಗಾಡಿಗಳಲ್ಲಿ ಎರಡು ಬಗೆ ತೋರಿಸಿದರು. ಒಂದು, ಬರೀ ಬ್ಯಾಟರಿಯದು; ನೋಡಲು ಇಟ್ಟಿದ್ದರು, ಓಡಿಸಿ ನೋಡಲು ಇನ್ನೂ ಬಂದಿರಲಿಲ್ಲ. ಇನ್ನೊಂದು ಚಿತ್ರದಲ್ಲಿ ಮಾತ್ರ ಇತ್ತು, ಬುಕ್ಕಿಂಗ್ ತಗೊಳ್ಳುತ್ತಿದ್ದರು. ಅದೂ ಓಡುವುದು ಬ್ಯಾಟರಿಯಲ್ಲೇ, ಆದರೆ ಬ್ಯಾಟರಿ ಇಳಿದಾಗ ಒಂದು ಸಣ್ಣ ಪೆಟ್ರೋಲ್ ಇಂಜಿನ್ ತಾನಾಗಿ ಶುರುವಾಗಿ ಕರೆಂಟ್ ತಯಾರಿಸಿಕೊಡುತ್ತದೆ. ದಾರಿಯಲ್ಲಿ ನಿಲ್ಲುವ ಭಯವಿಲ್ಲ. ನನಗೆ ಅದೇ ಹಿಡಿಸಿತು. ರತ್ನ ಒಂದೇ ಪ್ರಶ್ನೆ ಕೇಳಿದಳು: "ಆ ಇಂಜಿನ್ ಎಲ್ಲಿರ್ತದೆ?" ಹಿಂದೆ, ಸಾಮಾನು ಇಡುವ ಜಾಗದ ಕೆಳಗೆ ಎಂದರು. "ಹಂಗಾದ್ರೆ ಬ್ಯಾಡ. ಹುಳಕ್ಕೆ ವಾಸ್ನೆ ಆಗಲ್ಲ. ಬರೀ ಬ್ಯಾಟರೀದೇ ಸಾಕು," ಎಂದಳು.

ನಾನು ಎಲ್ಲರೆದುರು ನಕ್ಕೆ. "ಇವಳಿಗೆ ಹುಳ ಗೊತ್ತು, ಗಾಡಿ ಗೊತ್ತಿಲ್ಲ. ಇದನ್ನ ತಗೊಂಡು ಒಡೆಯರಪಾಳ್ಯಕ್ಕೆ ಹೋದ್ರೆ ಬರುವಾಗ ಎತ್ತು ಕಟ್ಟಬೇಕು," ಎಂದೆ. ಅಲ್ಲಿದ್ದವರೂ ನಕ್ಕರು. ರತ್ನ ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ನಿಂತಳು. ಆ ಮಾತು ಮತ್ತೆ ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಅವಳು ಹೋದ ಮೇಲೂ ನನಗೆ ಪೆಟ್ರೋಲ್ ಇಂಜಿನ್ ಇರುವ ಗಾಡಿಯೇ ಬೇಕಾಗಿತ್ತು. ಆದರೆ ಸತ್ತವಳ ಮಾತು ಮೀರಿದ ಹಾಗಾಗಬಾರದು. ಬ್ಯಾಟರಿ ಗಾಡಿ ದಾರಿಯಲ್ಲಿ ಒಂದು ಸಲ ನಿಂತುಬಿಟ್ಟರೆ, ನೋಡಿದೆಯಾ ಎಂದು ಅವಳಿಗೆ ಮನಸ್ಸಿನಲ್ಲೇ ಹೇಳಿ ಸುಮ್ಮನಾಗಬಹುದಿತ್ತು. ಅದಕ್ಕೆ ಒಪ್ಪಿಕೊಂಡದ್ದು.

ಹಿಂದಿನ ಮಧ್ಯಾಹ್ನ ಮಾದೇಶ ಗಾಡಿಯನ್ನು ಅಗರಕ್ಕೆ ತಂದು, ಚಾಕಿ ಮನೆಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, "ಬೆಳಿಗ್ಗೆವರ್ಗೂ ಕೀಳ್ಬೇಡಿ ಸಾ, ನೂರಾದ್ರೆ ಅದೇ ನಿಲ್ತದೆ," ಎಂದು ಬಸ್ಸು ಹತ್ತಿ ಹೋದ. ಪ್ಲಗ್ಗು ಮೊಣಕಾಲ ಮಟ್ಟದಲ್ಲಿದೆ. ನನಗೆ ಸೊಂಟನೋವು. ಆದರೂ ಗಾಡಿಯ ಫಲಕ ಬ್ಯಾಟರಿ ನೂರಕ್ಕೆ ಎಂಬತ್ತು ಎಂದು ತೋರಿಸಿದಾಗ ಬಗ್ಗಿ ವೈರು ಕಿತ್ತೆ. ಏಳುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು.

ಕೊಳ್ಳೇಗಾಲ ಹತ್ತು ಕಿಲೋಮೀಟರ್. ಬಸ್ ಸ್ಟ್ಯಾಂಡಿನ ಎದುರು ಮಾದೇಶ ಸ್ವೆಟರ್ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಕಾಯುತ್ತಿದ್ದ. ಹತ್ತು ರೂಪಾಯಿಯ ಟೀ ಕುಡಿದೆವು. ಗಾಡಿ ಹತ್ತಿದವನು ಮೊಬೈಲ್ ತೆಗೆದು ಏನನ್ನೋ ನೋಡಿ, ಜೇಬಿಗೆ ಹಾಕಿಕೊಂಡ.

ಹನೂರು ರಸ್ತೆಗೆ ಬಿದ್ದ ಮೇಲೆ ನಾನು ಏಸಿ ಹಾಕಿದೆ. ಪೂರ್ತಿ ತಿರುಗಿಸಿದೆ.

"ಸಾ, ಈ ಚಳೀಲಿ?"

"ಗಾಜು ಮಂಜಾಗ್ತಿದೆ," ಎಂದೆ.

ಅವನು ಟವೆಲನ್ನು ಕಿವಿಯ ಮೇಲೆ ಎಳೆದುಕೊಂಡ. ಗಾಜು ಶುಭ್ರವಾಗಿತ್ತು.

ಗಾಡಿಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸದ್ದಿಲ್ಲ, ಅದುರುವುದಿಲ್ಲ. ನನ್ನ ವ್ಯಾನಿನಲ್ಲಿ ಹಳ್ಳಕೊಳ್ಳ ದಾಟುವಾಗ ತಟ್ಟೆಗಳು ಕಟಕಟ ಅನ್ನುತ್ತಿದ್ದವು. ಇದರಲ್ಲಿ ಮಾದೇಶನ ಉಸಿರು ಕೂಡ ಕೇಳುತ್ತಿತ್ತು. ಬಂಡಳ್ಳಿಗೆ ಒಂದು ಸುತ್ತು ಹೊಡೆದು ನೂರು ಮೊಟ್ಟೆ ಇಳಿಸಿದೆವು. ಅಲ್ಲಿನ ರೈತ ಹಲ್ಲುಜ್ಜುತ್ತಾ ಬಂದವನು, ಬಾಗಿಲಲ್ಲೇ ಗಾಡಿ ಕಂಡು ಹಿಂದಕ್ಕೆ ಹಾರಿದ.

"ಇದೇನ್ ಸ್ವಾಮಿ, ಕಳ್ರು ಬಂದಂಗ್ ಬಂದ್ಬುಟ್ರಿ. ನಿಮ್ ಹಳೇ ಗಾಡಿ ಊರ್ ಬಾಗ್ಲಲ್ಲಿದ್ರೆ ನಮ್ ನಾಯಿ ಇಲ್ಲಿ ಎದ್ದು ಬೊಗಳ್ತಿತ್ತು. ಇವತ್ತು ಅದೂ ಮಲ್ಕಂಡದೆ ನೋಡಿ."

ಮಾದೇಶ ನಕ್ಕ. ನಾನು ಫಲಕ ನೋಡುತ್ತಿದ್ದೆ. ನಲವತ್ತು.

ಹನೂರು ಸೇರಿದಾಗ ಏಳೂವರೆ, ಬ್ಯಾಟರಿ ಮೂವತ್ತಕ್ಕಿಂತ ಕೆಳಗೆ. ಇಡ್ಲಿ ತಿನ್ನಲು ನಿಲ್ಲಿಸಿದೆವು. ಒಡೆಯರಪಾಳ್ಯದ ಕಡೆಗೆ ನಮಗೆ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಇತ್ತು, ಲೊಕ್ಕನಹಳ್ಳಿ ಮೇಲೆ ಏರುದಾರಿ. ಮಾದೇಶ ಇಡ್ಲಿ ಬಿಟ್ಟು ಹೊರಗೆ ನಿಂತು ಫೋನ್ ಮಾಡಿದ. ಮ್ಯಾನೇಜರನ ದನಿ ನನ್ನ ಮೇಜಿನವರೆಗೂ ಕೇಳಿಸಿತು. ಗಾಡಿ ರಸ್ತೆಯಲ್ಲಿ ನಿಂತು ಎಳೆದು ತರುವ ಪರಿಸ್ಥಿತಿ ಬಂದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎನ್ನುತ್ತಿದ್ದ.

"ಪಾರ್ಟೀದು ತಪ್ಪಿಲ್ಲ ಸಾ," ಎಂದ ಮಾದೇಶ. "ನಾನೇ ಅವ್ರಿಗೆ ಸರ್ಯಾಗಿ ಏಳ್ಕೊಟ್ಟಿಲ್ಲ."

ನನ್ನ ಬಾಯಲ್ಲಿ ಇಡ್ಲಿ ಇತ್ತು. ನುಂಗಿದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಒಳಗೆ ಬಂದು, "ಇಲ್ಲೇ ಎಲ್ಲಾರ ಚಾರ್ಜ್ ಆಕುವ್ರಾ ಸಾ? ಮೂರು ಗಂಟೆ ಬೇಕಾಯ್ತದೆ," ಎಂದ. ಮೂರು ಗಂಟೆಯಲ್ಲಿ ಹುಳ ಎದ್ದುಬಿಡುತ್ತದೆ ಎಂದೆ. ಅವನು ಹಿಂದೆ ಹೋಗಿ ಬಟ್ಟೆಯ ಅಂಚು ಎತ್ತಿ ನೋಡಿ ಬಂದ. "ಹಂಗಾದ್ರೆ ನಡೀರಿ. ಓಗಕ್ಕೆ ಸಾಕಾಯ್ತದೆ. ವಾಪಸ್ ಬರೋದು ಆಮೇಲ್ ನೋಡುವ."

ತನ್ನ ಕೆಲಸಕ್ಕೇ ಕುತ್ತು ಬಂದಿರುವಾಗ ಅವನು ಯೋಚಿಸಿದ್ದು ಹುಳದ ಬಗ್ಗೆ. ಹುಳ ನನ್ನದು. ಗಾಡಿ ಹತ್ತಿ ಏಸಿ ಆರಿಸಿದೆ.

ಆ ಇಪ್ಪತ್ತೈದು ಕಿಲೋಮೀಟರು ನನಗೆ ಉದ್ದವಾಯಿತು. ಬಿಸಿಲು ಬಿಟ್ಟಿತ್ತು. ಎರಡೂ ಕಡೆ ಮುರಿದ ಜೋಳದ ಹೊಲ, ಆಚೆ ಕಾಡಿನ ಅಂಚು. ಏರು ಬಂದಾಗಲೆಲ್ಲ ಅಂಕಿ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಒಂದಷ್ಟು ವಾಪಸ್ ಬರುತ್ತಿತ್ತು. ನಿಲ್ಲಲಿ ಎಂದು ಹೊರಟಿದ್ದವನು ಈಗ ನಿಲ್ಲದಿರಲಿ ಎಂದು ಬೆಟ್ಟದ ಮಾದಪ್ಪನನ್ನು ನೆನೆಯುತ್ತಿದ್ದೆ. ಪೆಟ್ರೋಲ್ ಇಂಜಿನ್ ಇರುವ ಗಾಡಿಯಾಗಿದ್ದರೆ ಈ ಪಾಡಿರಲಿಲ್ಲ ಎನ್ನುವುದು ನಿಜ. ಮಾದೇಶನೂ ಅದನ್ನು ಮುಚ್ಚಿಡಲಿಲ್ಲ: "ದಿನಾ ಮೈಸೂರು, ಸತ್ಯಮಂಗಲ ಅಂತ ಗುರಿಯಿಲ್ದೆ ಓಡೋರ್ಗೆ ಅದೇ ಸರಿ ಸಾ. ನಿಮ್ದು ದಾರಿ ಗೊತ್ತಿರೋ ಓಟ. ರಾತ್ರಿ ತುಂಬ್ಸಿದ್ರೆ ಓಗಿ ಬರ್ಬೋದು." ರಾತ್ರಿ ತುಂಬಿಸಿದರೆ ಎನ್ನುವಾಗ ಅವನು ನನ್ನ ಕಡೆ ನೋಡಲಿಲ್ಲ.

ಐದಕ್ಕೆ ಇಳಿದಾಗ ಫಲಕದಲ್ಲಿ ಆಮೆಯ ಗುರುತು ಬಂತು. ಗಾಡಿ ಎತ್ತಿನ ಗಾಡಿಯಾಯಿತು. ದೂರದಲ್ಲಿ ಟಿಬೆಟಿನವರ ಕ್ಯಾಂಪಿನ ಬಣ್ಣದ ಬಾವುಟಗಳು ಕಂಡವು. ಅದಕ್ಕೂ ಒಂದು ಕಿಲೋಮೀಟರ್ ಈಚೆಗೆ, ಉಳಿದ ನೂರು ಮೊಟ್ಟೆ ಹೇಳಿಟ್ಟಿದ್ದ ಪುಟ್ಟತಾಯಮ್ಮನ ಮನೆ. ಒಂಬತ್ತು ಗಂಟೆಗೆ ಅಂಗಳಕ್ಕೆ ಉರುಳಿಕೊಂಡು ಹೋದೆವು.

ಪುಟ್ಟತಾಯಮ್ಮ ಹುಳಕ್ಕೆ ರೋಗ ತಗಲದಿರಲೆಂದು ಹೊಸಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು, ಕೈ ತೊಳೆದು ಬಂದಳು. ಬಟ್ಟೆ ತೆಗೆದು, ತಟ್ಟೆಗೆ ಮೂಗು ಹತ್ತಿರ ತಂದು ಮೂಸಿದಳು. ಯಾವ ಚಾಕಿ ಬಂದರೂ ಮೊದಲು ಮೂಸುವುದು ಅವಳ ಪದ್ಧತಿ. ಹೊಗೆ, ಬೀಡಿ, ಸೆಂಟು, ಯಾವುದರ ವಾಸನೆ ಇದ್ದರೂ ಬೈಯುತ್ತಾಳೆ. ಬೇಸಿಗೆಯ ಬೆಳೆಯಲ್ಲಿ, ಹುಳ ಸೊಪ್ಪು ಮುಟ್ಟುತ್ತಿಲ್ಲ, ಡೀಸೆಲ್ ವಾಸನೆ ಎಂದು ಹೇಳಿದ್ದಳು. ಅವಳ ಸೊಪ್ಪೇ ಸರಿಯಿಲ್ಲ ಎಂದು ನಾನು ರತ್ನಳಿಗೆ ಹೇಳಿದ್ದೆ.

ಮತ್ತೊಂದು ತಟ್ಟೆ ಮೂಸಿದಳು. "ಇವತ್ತು ಏನೂ ಇಲ್ಲ ಕಣ್ರಿ. ಸೊಪ್ಪಿನ್ ವಾಸ್ನೆ ಬುಟ್ರೆ ಏನೂ ಇಲ್ಲ." ಆಮೇಲೆ ಗಾಡಿಯನ್ನು ಸುತ್ತಿ ನೋಡಿದಳು. "ಇದೇನಾ ಅಕ್ಕ ಏಳ್ತಿದ್ದ ಗಾಡಿ? ಪ್ಲಗ್ಗು ಹಿಂದ್ಗಡೆ ಅದೆ, ತಕಂಡೋಗಿ ಆಕಳಿ."

ಯಾವ ಪ್ಲಗ್ಗು ಎಂದೆ.

"ನಿಮ್ಗೊತ್ತಿಲ್ವಾ? ರತ್ನಕ್ಕನೇ ಬಂದು ಆಕ್ಸಿದ್ದು."

ಹುಳಮನೆಯ ಹಿಂಗೋಡೆಯಲ್ಲಿ ಹೊಸ ಪ್ಲಗ್ಗು ಇತ್ತು, ಮೇಲೊಂದು ತಗಡಿನ ಮರೆ. ಮಾದೇಶ ವೈರು ಸಿಕ್ಕಿಸಿದ. ಪುಟ್ಟತಾಯಮ್ಮ ಎಳೆಹುಳಕ್ಕೆ ಸೊಪ್ಪು ಹೊಂದಿಸಿಟ್ಟು ಬಂದು, ಜಗಲಿಯ ಮೇಲೆ ನೀರು ಕೊಟ್ಟು ಹೇಳಿದಳು. ವೈಶಾಖದಲ್ಲಿ ರತ್ನ ಒಬ್ಬಳೇ ಬಂದಿದ್ದಳಂತೆ. ಕೊಳ್ಳೇಗಾಲದಲ್ಲಿ ಒಂದು ಬಸ್ಸು, ಹನೂರಿನಲ್ಲಿ ಇನ್ನೊಂದು. ತವರಿಗೆ ಹೋಗಿ ಬರುತ್ತೇನೆ ಎಂದು ನನಗೆ ಹೇಳಿದ್ದ ದಿನ ಅದು.

"ಎಷ್ಟು ದೂರ ಅಂತ ಲೆಕ್ಕ ಆಕಂಡು ಬಂದಿದ್ರು. ಓಗ್ತಾ ಬರ್ತಾ ಸಾಕಾಯ್ತದೆ, ಆದ್ರೂ ಇಲ್ಲೊಂದು ಪ್ಲಗ್ ಇರ್ಲಿ ಅಂದ್ರು. ಯಾಕಕ್ಕಾ, ಸಾಕಾಯ್ತದಲ್ಲ ಅಂದೆ. ನಮ್ ಯಜಮಾನ್ರಿಗೆ ದಾರೀಲಿ ನಿಂತೋಯ್ತದೆ ಅಂತ ಭಯ. ಭಯ ಅಂತ ಬಾಯ್ಬುಟ್ಟು ಏಳಲ್ಲ, ನಗ್ತಾರೆ, ಅಂದ್ರು."

ಅವಳು ಸೊಪ್ಪು ಹಾಕಲು ಒಳಗೆ ಹೋದಳು. ನಾನು ನೀರಿನ ಚೊಂಬು ಹಿಡಿದುಕೊಂಡೇ ಕೂತಿದ್ದೆ. ಆ ದಿನ ಶೋರೂಮಿನ ಹೊರಗೆ ಅವಳು ಅವಮಾನ ನುಂಗುತ್ತಾ ನಿಂತಿದ್ದಳು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅದೇ ನನಗೆ ಸಾಕಷ್ಟು ಭಾರವಾಗಿತ್ತು. ಅವಳು ನುಂಗಿದ್ದರ ಜೊತೆಗೆ ನನ್ನ ಭಯಕ್ಕೆ ದಾರಿಯನ್ನೂ ಹುಡುಕುತ್ತಿದ್ದಳು ಎಂದು ತಿಳಿದ ಮೇಲೆ ತಲೆ ಎತ್ತಲಾಗಲಿಲ್ಲ.

ಮಾದೇಶ ಪಕ್ಕದಲ್ಲಿ ಬಂದು ಕೂತ. "ನಾನು ಎಂಬತ್ತಕ್ಕೇ ವೈರು ಕಿತ್ತೆ," ಎಂದೆ. "ಏಸಿ ಹಾಕಿದ್ದೂ ಅದಕ್ಕೇ. ಗಾಡಿ ನಿಲ್ಲಲಿ ಅಂತ."

"ಗೊತ್ತು ಸಾ."

ಅವನು ಮೊಬೈಲ್ ತೋರಿಸಿದ. ವೈರು ಎಷ್ಟು ಗಂಟೆಗೆ ಕಿತ್ತದ್ದು, ಎಷ್ಟಿತ್ತು, ಎಲ್ಲ ಅದರಲ್ಲಿತ್ತು. ಕೊಳ್ಳೇಗಾಲದಲ್ಲೇ ನೋಡಿದ್ದ.

"ಮತ್ತೆ ಯಾಕೆ ಕೇಳಲಿಲ್ಲ? ಮ್ಯಾನೇಜರ್ ಹತ್ರ ಯಾಕೆ ನಿಮ್ಮ ತಪ್ಪು ಅಂದ್ರಿ?"

"ಸಾವಾಗಿರೋ ಮನೇವ್ರನ್ನ ಏನಂತ ಕೇಳ್ಲಿ ಸಾ. ಅಮ್ಮೋರು ಬದುಕಿದ್ದಾಗ ನಾಕು ಸಲ ಫೋನ್ ಮಾಡಿದ್ರು, ಗಾಡಿ ಬಂತಾ ಮಾದೇಶಣ್ಣ ಅಂತ. ನಾನು ಮುಂದಿನ್ ವಾರ, ಮುಂದಿನ್ ವಾರ ಅಂದ್ಕಂಡೇ ಬಂದೆ."

ಅವನ ಫೋನಿನಿಂದಲೇ ಮ್ಯಾನೇಜರಿಗೆ ಮಾಡಿಸಿದೆ. ಚಾರ್ಜ್ ಪೂರ್ತಿ ಮಾಡದೆ ಕಿತ್ತವನು ನಾನು, ಮಾದೇಶ ಸರಿಯಾಗಿಯೇ ಹೇಳಿಕೊಟ್ಟಿದ್ದ ಎಂದೆ. ಯಾಕೆ ಕಿತ್ತಿರಿ ಎಂದು ಕೇಳಿದ. ಬೇಕೆಂದೇ ಕಿತ್ತೆ ಎಂದೆ. "ಸರಿ ಸರ್, ಗಾಡಿ ಹುಷಾರಾಗಿ ತನ್ನಿ," ಎಂದು ಫೋನ್ ಇಟ್ಟ. ಮಾದೇಶ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಅಷ್ಟೊಂದ್ ಏಳೋದು ಬ್ಯಾಡ್ವಾಗಿತ್ತು," ಎಂದ.

ಮಧ್ಯಾಹ್ನ ಪುಟ್ಟತಾಯಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಹುಳ ಎದ್ದು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಹನಿಯುವ ಹಾಗೆ, ಒಳಗಿನಿಂದ ಬರತೊಡಗಿತ್ತು. ಸಂಜೆ ನಾಲ್ಕಕ್ಕೆ ಮನೆ ಮುಟ್ಟುವಷ್ಟು ಚಾರ್ಜ್ ಆಗಿತ್ತು. ವೈರು ಕೀಳಲು ನಾನೇ ಹೋದೆ. ಬೆಳಿಗ್ಗೆ ಗಮನಿಸಿರಲಿಲ್ಲ: ಪ್ಲಗ್ಗು ನನ್ನ ಎದೆಯ ಮಟ್ಟಕ್ಕಿತ್ತು. ಆ ಗೋಡೆಯ ಉಳಿದೆರಡು ಪ್ಲಗ್ಗು ಕೆಳಗೆ, ಎಲ್ಲರ ಮನೆಯಲ್ಲಿರುವ ಹಾಗೆ.

"ಇದ್ಯಾಕೆ ಇಷ್ಟು ಮೇಲೆ?" ಎಂದೆ.

"ಕರೆಂಟ್‌ನವ್ನೂ ಅದೇ ಕೇಳ್ದ," ಎಂದಳು ಪುಟ್ಟತಾಯಮ್ಮ. "ಅಕ್ಕ ಗ್ವಾಡೆ ಮೇಲೆ ಕೈ ಇಟ್ಟು ತೋರ್ಸಿದ್ರು, ಇಲ್ಲಿಗೇ ಆಕಪ್ಪಾ, ಅವ್ರಿಗೆ ಬಗ್ಗಕ್ಕಾಗಲ್ಲ ಅಂತ."

ಬಗ್ಗದೆ ವೈರು ಕಿತ್ತೆ. ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ಆ ತಗಡಿನ ಮರೆ ಒಂದು ಗಳಿಗೆ ಕಂಡಿತು.

ಕತ್ತಲಾಗುವ ಮೊದಲು ಕೊಳ್ಳೇಗಾಲ ಸೇರಿದೆವು. ಮಾದೇಶನನ್ನು ಇಳಿಸುವಾಗ, ಬುಕ್ಕಿಂಗಿಗೆ ಬರೀ ಬ್ಯಾಟರಿಯದೇ ಬರೆದುಕೊಳ್ಳಿ ಎಂದೆ. ಈ ಗಾಡಿ ನಾಳೆ ತಂದ್ಕೊಟ್ರೆ ಆಯ್ತು ಸಾ, ಎಂದ. ಅಗರಕ್ಕೆ ಬಂದು, ಡೀಸೆಲ್ ವ್ಯಾನಿನ ಪಕ್ಕ ನಿಲ್ಲಿಸಿ, ಚಾಕಿ ಮನೆಯ ಗೋಡೆಯ ಹತ್ತಿರ ಹೋದೆ. ಬಗ್ಗಿದೆ. ಸೊಂಟ ಹಿಡಿಯಿತು. ವೈರು ಸಿಕ್ಕಿಸಿ ಎದ್ದೆ. ಮಾರನೆಯ ಬೆಳಿಗ್ಗೆ ಫಲಕ ನೂರು ತೋರಿಸುವ ತನಕ ಅದನ್ನು ಮುಟ್ಟಲಿಲ್ಲ.